ಎಡತೋಳಿನ ತಿದ್ದುಪಡಿ

ಸಾವಿಗೆ ನಾನು ಹೆದರುವವನಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅದಕ್ಕೆ ಕಾರಣ ಧೈರ್ಯವಲ್ಲ, ಉದ್ಯೋಗ. ತುಮಕೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಜಿಲ್ಲೆಯ ನಿಧನ ವಾರ್ತೆಗಳನ್ನು ತಿದ್ದುವುದು ನನ್ನ ಕೆಲಸಗಳಲ್ಲೊಂದು. ಸಂಜೆ ಐದರ ಹೊತ್ತಿಗೆ ಸಾವು ನನ್ನ ಮೇಜಿಗೆ ಬರುತ್ತದೆ. ಹೆಸರು, ವಯಸ್ಸು, ಊರು, ಮಾಡಿದ ಉದ್ಯೋಗ, ಇರುವ ಮಕ್ಕಳು, ಅಂತ್ಯಕ್ರಿಯೆ ಎಲ್ಲಿ, ಜೊತೆಗೊಂದು ಅಂಚೆಚೀಟಿ ಗಾತ್ರದ ಫೋಟೊ. ನಾನು ಹೆಚ್ಚುವರಿ ವಿಶೇಷಣಗಳನ್ನು ಹೊಡೆದುಹಾಕಿ, ಸತ್ತಿರುವುದು ನಿಜವೇ ಎಂದು ಎರಡು ಕಡೆ ಫೋನು ಮಾಡಿ ಕೇಳಿ ಪುಟಕ್ಕೆ ಕಳಿಸುತ್ತೇನೆ. ಎರಡು ಕಡೆ ಕೇಳುವುದು ನನ್ನ ಕಟ್ಟುನಿಟ್ಟಿನ ನಿಯಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಕಡೆ ಕೇಳಿ ಹಾಕಿದ್ದೆ. ಮಾರನೆಯ ದಿನ ಆ ಹಿರಿಯರು ತಮ್ಮದೇ ನಿಧನ ವಾರ್ತೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಬಂದರು. ಸುದ್ದಿಯ ಬಗ್ಗೆ ಅವರಿಗೆ ಅಂಥ ತಕರಾರಿರಲಿಲ್ಲ, ಫೋಟೊ ಕಪ್ಪಗೆ ಬಂದಿದೆ ಎಂದು ಜಗಳ ತೆಗೆದರು. ಇಂಥ ನಾನು ಈಚೆಗೆ ಐದಾರು ದಿನ ಒಂದು ಸ್ವೆಟರಿಗೆ ಹೆದರಿ ನಡುಗಿದೆ. ಅದನ್ನು ಹೆಣೆದವನೂ ನಾನೇ ಆದ್ದರಿಂದ, ದೂರು ಕೊಡಲು ಬೇರೆ ಯಾರೂ ಇಲ್ಲದೆ, ಇಲ್ಲಿ ಬರೆದು ದಾಖಲಿಸುತ್ತಿದ್ದೇನೆ.

ಹೆಣಿಗೆ ನನ್ನ ಕೈಗೆ ಬಂದದ್ದು ಸಿಗರೇಟು ಬಿಟ್ಟಾಗ. ಬಿಟ್ಟದ್ದು ಬಾಯಿ ಮಾತ್ರ; ಬೆರಳುಗಳಿಗೆ ಆ ತೀರ್ಮಾನ ತಲುಪಿರಲಿಲ್ಲ. ಅವು ಹೊತ್ತು ಹೊತ್ತಿಗೆ ಜೇಬು ತಡಕುತ್ತಿದ್ದವು, ಪೆನ್ನನ್ನು ತುಟಿಯವರೆಗೆ ತರುತ್ತಿದ್ದವು. ನನ್ನ ಹೆಂಡತಿ ಗಿರಿಜ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಸ್ವೆಟರ್ ಹೆಣೆಯುವುದು ಅವಳ ರೂಢಿ. ಒಂದು ದಿನ ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ನನ್ನ ಮಡಿಲಿಗೆ ಹಾಕಿ, "ಸೀದಾ ಎರಡು ಕುಣಿಕೆ, ಉಲ್ಟಾ ಎರಡು. ಕೈ ಸುಮ್ನಿರಲ್ಲ ಅಂದ್ರೆ ಇದ್ರಲ್ಲಾದ್ರೂ ಸಾಯ್ಲಿ" ಅಂದಳು. ಆರು ತಿಂಗಳಲ್ಲಿ ನಾನು ಅವಳನ್ನು ಮೀರಿಸಿದೆ. ಇದನ್ನು ಅವಳು ಒಪ್ಪುವುದಿಲ್ಲ, ಆದ್ದರಿಂದ ಒಂದೇ ಮೂಲದ ಮಾಹಿತಿ ಎಂದು ಓದಿಕೊಳ್ಳಬೇಕು.

ಗಿರಿಜ ಹೆಣೆಯುವುದು ತನ್ನ ತಾಯಿ ಕಲಿಸಿದ ನಾಲ್ಕು ಮಾದರಿಗಳನ್ನು. ನನಗೆ ತಾಯಿ ಕಲಿಸಿದ್ದು ಯಾವುದೂ ಇರಲಿಲ್ಲವಾಗಿ, ಸಿನಿಮಾದ ಮೊರೆ ಹೋದೆ. ಫೋನಿನಲ್ಲಿ ಹಳೆಯ ಸಿನಿಮಾ ಹಾಕುವುದು, ಧ್ವನಿ ಮುಚ್ಚುವುದು, ಸ್ವೆಟರ್ ಕಂಡ ಕಡೆ ನಿಲ್ಲಿಸುವುದು, ಚಿತ್ರ ಹಿಗ್ಗಿಸಿ ಕುಣಿಕೆ ಎಣಿಸುವುದು. ಕಥೆ ನನಗೆ ಬೇಕಿರಲಿಲ್ಲ. ಈ ಸಂಶೋಧನೆಯಿಂದ ನನಗೆ ತಿಳಿದದ್ದೇನೆಂದರೆ, ನಮ್ಮ ಸಿನಿಮಾಗಳಲ್ಲಿ ಸ್ವೆಟರ್ ಹಾಕುವವರು ಎರಡೇ ಬಗೆ. ಒಂದು, ಬೆಟ್ಟದ ಊರಿನಲ್ಲಿ ಹಾಡುವ ಪ್ರೇಮಿಗಳು. ಇನ್ನೊಂದು, ಕೆಮ್ಮುವ ಹಿರಿಯರು. ಪ್ರೇಮಿಗಳಿಂದ ಹೆಣಿಗೆಗಾರನಿಗೆ ಉಪಯೋಗವಿಲ್ಲ. ಅವರು ನಿಂತಲ್ಲಿ ನಿಲ್ಲುವುದಿಲ್ಲ. ಒಬ್ಬ ನಾಯಕಿಯ ಸ್ವೆಟರಿನ ಬೆನ್ನು ನೋಡಲು ಮೂರು ದಿನ ಒದ್ದಾಡಿದೆ. ಆಕೆ ತಿರುಗಿದಾಗಲೆಲ್ಲ ನಾಯಕ ಓಡಿಬಂದು ಅಪ್ಪಿಕೊಂಡು, ನನಗೆ ಬೇಕಾದ ಜಾಗದಲ್ಲೇ ಕೈ ಇಡುತ್ತಿದ್ದ. ಹಿರಿಯರು ಹಾಗಲ್ಲ. ಬೆತ್ತದ ಕುರ್ಚಿಯಲ್ಲಿ ಎದೆ ತೋರಿಸಿಕೊಂಡು ನಿಧಾನವಾಗಿ ಸಂಭಾಷಣೆ ಹೇಳುತ್ತಾರೆ. ಅಷ್ಟರಲ್ಲಿ ಅರ್ಧ ಸ್ವೆಟರ್ ಬರೆದುಕೊಳ್ಳಬಹುದು. ಹೀಗಾಗಿ ನಾನು ಹಿರಿಯರ ಸ್ವೆಟರುಗಳಲ್ಲೇ ಪಳಗಿದೆ. ಆ ಹಿರಿಯರು ಯಾಕೆ ಕೆಮ್ಮುತ್ತಾರೆ, ಕೊನೆಗೆ ಏನಾಗುತ್ತಾರೆ ಎಂದು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ನಮ್ಮ ಭಾವನಿಗೆ ಹೆಣೆಯಲು ಆರಿಸಿದ್ದು ಒಂದು ಕಪ್ಪು-ಬಿಳುಪು ಚಿತ್ರದ ಮೇಷ್ಟ್ರ ಸ್ವೆಟರು. ಎದೆಯ ಮೇಲೆ ಹೆಣ್ಣುಮಕ್ಕಳ ಜಡೆಯ ಹಾಗೆ ಎರಡು ಸಾಲು ಹೊಸೆದುಕೊಂಡು ಇಳಿಯುವ ಹೆಣಿಗೆ, ಉದ್ದ ತೋಳು, ಅಂಚಿನಲ್ಲಿ ನಾಲ್ಕು ಬೆರಳಗಲ ಪಟ್ಟಿ. ಬಣ್ಣದ ಪ್ರಶ್ನೆ ಬಂದಾಗ ನಾನು ಬೂದು ಉಲ್ಲನ್ ಹೇಳಿದೆ. ಗಿರಿಜ ಗುಬ್ಬಿಯ ಅಂಗಡಿಯಲ್ಲಿ ನಿಂತು ಫೋನು ಮಾಡಿದಳು. "ರೀ, ಒಳ್ಳೇ ಮರೂನ್ ಇದೆ, ಭಾವನವರಿಗೆ ಒಪ್ಪುತ್ತೆ. ತಗೊಳ್ಳಾ?"

"ಬೇಡ. ಸಿನಿಮಾದಲ್ಲಿ ಬೂದು ಇದೆ."

"ಕಪ್ಪು-ಬಿಳುಪು ಆಗಿರೋದು ಸಿನಿಮಾ ಕಣ್ರೀ, ಸ್ವೆಟರ್ ಅಲ್ಲ."

"ಕಂಡಿದ್ದು ಬೂದು. ಕಾಣದೇ ಇರೋದನ್ನ ನಾನು ಸೇರಿಸಲ್ಲ."

ಅಂಗಡಿಯವನು ನಕ್ಕದ್ದು ಫೋನಿನಲ್ಲಿ ಕೇಳಿಸಿತು.

ಭಾವನೆಂದರೆ ನನ್ನ ಅಕ್ಕನ ಗಂಡ. ಕುಣಿಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಭೂಮಾಪನದ ಕೆಲಸದಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ದೊಡ್ಡ ಕೆರೆಯ ಏರಿಯ ಮೇಲೆ ನಡೆಯುವುದು, ನಡೆಯುವಾಗ ಹೆಜ್ಜೆ ಎಣಿಸುವುದು ಇಂದಿಗೂ ಬಿಟ್ಟಿಲ್ಲ. ಈ ಸಲ ಏರಿಯ ಅರ್ಧದಲ್ಲಿ ಎದೆ ಹಿಡಿದಂತಾಗಿ ಕೂತುಬಿಟ್ಟರಂತೆ. ಪರೀಕ್ಷೆ ಮಾಡಿಸಿದಾಗ ಹೃದಯದ ನಾಳದಲ್ಲಿ ಅಡ್ಡಿಯಿದೆ, ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಬೇಕು, ಅಲ್ಲಿಯವರೆಗೆ ಚಳಿಗೆ ಮೈ ಒಡ್ಡಬೇಡಿ ಎಂದರು ಡಾಕ್ಟರು. ನನ್ನಪ್ಪ ತೀರಿಕೊಂಡ ವರ್ಷ ನನಗೆ ಫೀಸು ಕಟ್ಟಿ, ಕುಣಿಗಲ್ಲಿನ ಮನೆಯಲ್ಲಿಟ್ಟುಕೊಂಡು ಓದಿಸಿದವರು ಅವರು. ನನಗೆ ಬೇರೆ ಏನೂ ಮಾಡಲು ತೋಚಲಿಲ್ಲ. ಸ್ವೆಟರ್ ಹೆಣೆದು, ಮುಗಿದ ದಿನವೇ ಕುಣಿಗಲ್ ಬಸ್ಸು ಹತ್ತಿ ಕೊಟ್ಟುಬಂದೆ. ಬಿಡಿಸಿ ನೋಡಿದ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜಡೆಯ ಸಾಲಿನ ಮೇಲೆ ಬೆರಳಾಡಿಸಿ, "ಅಚ್ಚುಕಟ್ಟಾಗಿದೆ ಕಣಯ್ಯ ಚಂದ್ರು" ಎಂದರು. ನಾನು ಹೊಗಳಿಕೆಯನ್ನಷ್ಟೇ ಬರೆದುಕೊಂಡೆ. ಮೌನವನ್ನು ಬರೆದುಕೊಳ್ಳಲಿಲ್ಲ.

ಸ್ಟೆಂಟಿಗೆ ಇನ್ನು ಐದು ದಿನವಿದ್ದಾಗ ಅಕ್ಕ ವಾಟ್ಸಪ್ಪಿನಲ್ಲಿ ಒಂದು ಫೋಟೊ ಕಳಿಸಿದಳು. ಭಾವ ಸ್ವೆಟರ್ ಹಾಕಿಕೊಂಡು, ಬಿಳಿ ಗೋಡೆಯ ಮುಂದೆ, ಕ್ಯಾಮೆರಾವನ್ನೇ ನೇರವಾಗಿ ನೋಡುತ್ತಾ ನಿಂತಿದ್ದರು. ತಲೆ ಬಾಚಿತ್ತು. ಬೆಳಕು ಸಮನಾಗಿ ಬಿದ್ದಿತ್ತು. ನಾನು ಕಚೇರಿಯಲ್ಲಿದ್ದೆ. ವರ್ಷಗಟ್ಟಲೆ ನಾನು ಜನರಿಂದ ಕೇಳಿಕೊಳ್ಳುತ್ತಾ ಬಂದದ್ದು ಇಂಥ ಫೋಟೊವನ್ನೇ. ಕತ್ತರಿಸುವ ಅಗತ್ಯವೂ ಇರಲಿಲ್ಲ, ನೇರ ಪುಟಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಪುಟ ಕಟ್ಟುವ ರೇಣುಕ ನನ್ನ ಹಿಂದೆ ಬಂದು ನಿಂತಳು. ಬಿದರೆಹಳ್ಳಿ ಕಾವಲ್ ಕಡೆಯ ಹುಡುಗಿ, ಕೆಲಸದಲ್ಲಿ ಚುರುಕು.

"ಇದು ಇವತ್ತಿನ ಪೇಜಿಗಾ ಸಾರ್? ಅಂತ್ಯಕ್ರಿಯೆ ಎಲ್ಲಿ ಅಂತ ಬಂದಿಲ್ಲ."

"ಇವ್ರು ನಮ್ಮ ಭಾವ ಕಣಮ್ಮ. ಬದುಕಿದಾರೆ."

"ಸಾರಿ ಸಾರ್. ನಿಂತಿರೋದು ನೋಡಿ ಹಂಗನ್ಕಂಡೆ." ಅವಳು ಮುಂದೆ ಬಗ್ಗಿದಳು. "ಈ ಸ್ವೆಟರ್ ಎಲ್ಲೋ ನೋಡಿದೀನಲ್ಲ ಸಾರ್. ಆ ಮೇಷ್ಟ್ರ ಸಿನಿಮಾದ್ದು ತಾನೆ? ನಮ್ಮಜ್ಜಿ ಟಿವೀಲಿ ಬಂದಾಗ್ಲೆಲ್ಲ ಸೆರಗು ಬಾಯಿಗಿಟ್ಕಂಡು ಕೂತ್ಕಳೋರು."

"ಯಾಕೆ?"

"ಆ ಮೇಷ್ಟ್ರು ಸತ್ತೋಗ್ತಾರಲ್ಲ ಸಾರ್, ಪಾಪ. ನೀವು ನೋಡಿಲ್ವ?"

ನಾನು ನೋಡಿರಲಿಲ್ಲ. ಎಪ್ಪತ್ತು ಸಲ ನಿಲ್ಲಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ. ಅವರ ಎದೆಯ ಮೇಲಿನ ಕುಣಿಕೆಗಳ ಲೆಕ್ಕ ನನಗೆ ಬಾಯಿಪಾಠವಿತ್ತು, ಆ ಎದೆಯೊಳಗೆ ಕಾಯಿಲೆ ಇತ್ತೆಂದು ಗೊತ್ತಿರಲಿಲ್ಲ. ಹೃದಯದ ತೊಂದರೆಯಿರುವ ಮನುಷ್ಯನಿಗೆ, ಸಾಯುವ ಪಾತ್ರದ ಬಟ್ಟೆಯನ್ನು, ಅಳತೆ ತಪ್ಪದಂತೆ, ಬಣ್ಣ ಸಮೇತ ಮಾಡಿಕೊಟ್ಟು ಬಂದಿದ್ದೆ. ನಾನು ಶಕುನ ನಂಬುವವನಲ್ಲ. ರಾಶಿಭವಿಷ್ಯದ ಪುಟ ಯಾರೂ ಕಳಿಸದ ದಿನ ಹಳೆಯದರಲ್ಲೇ ರಾಶಿಗಳನ್ನು ಅದಲುಬದಲು ಮಾಡಿ ಹಾಕಿದ ಕೈ ನನ್ನದು. ಆದರೂ ಆ ಸಂಜೆ ಬೇರೆಯವರ ಸುದ್ದಿ ತಿದ್ದುತ್ತಿದ್ದಾಗ, 'ಕುಣಿಗಲ್:' ಎಂದು ಶುರುವಾಗುವ ನಾಲ್ಕು ಸಾಲು ನನ್ನ ತಲೆಯಲ್ಲಿ ತಾನಾಗಿ ಕೂಡಿಕೊಂಡಿತು. ನಿವೃತ್ತ ಭೂಮಾಪಕ ಎಂದು ಬಂತು. ಪತ್ನಿ ಎಂದು ಅಕ್ಕನ ಹೆಸರು ಬಂತು. ಅಲ್ಲಿಗೆ ಎದ್ದು ಹೊರಗೆ ಹೋಗಿ ನಿಂತೆ. ಬೆರಳುಗಳು ಬಹಳ ದಿನದ ಮೇಲೆ ಜೇಬು ತಡಕಿದವು.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಕುಣಿಗಲ್ಲಿಗೆ ಹೊರಟೆ. ಗೂಳೂರು ದಾಟುವವರೆಗೆ ಒಂದು ಸುಳ್ಳು ಹುಡುಕಿದೆ, ಹೆಬ್ಬೂರು ದಾಟುವವರೆಗೆ ಅದನ್ನು ತಿದ್ದಿದೆ. ಭಾವ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು, ಸ್ವೆಟರ್ ಮೈಮೇಲಿತ್ತು. ನನ್ನ ಕಣ್ಣಿಗೆ ಅವರು ಆಗಲೇ ಸ್ವಲ್ಪ ಕಪ್ಪು-ಬಿಳುಪಾಗಿ ಕಂಡರು.

"ಏನ್ಲಾ, ಹೇಳದೆ ಕೇಳದೆ ಬಂದ್ಬುಟ್ಟೆ?" ಅಂದಳು ಅಕ್ಕ.

"ಆ ಸ್ವೆಟರ್ ಎಡತೋಳಲ್ಲಿ ಒಂದು ತಪ್ಪಾಗಿದೆ ಅಕ್ಕ. ತಗೊಂಡೋಗಿ ತಿದ್ದಿಕೊಡ್ತೀನಿ."

"ನಂಗೇನೂ ಕಾಣ್ತಿಲ್ವಲ್ಲೋ."

"ನಿನಗೆ ಕಾಣಲ್ಲ. ಹೆಣಿಗೆ ಗೊತ್ತಿದ್ದೋರಿಗೆ ಕಾಣುತ್ತೆ."

ಭಾವ ನನ್ನನ್ನೇ ನೋಡುತ್ತಿದ್ದರು. "ಇರ್ಲಿ ಬಿಡಯ್ಯ. ತಪ್ಪಿರೋ ತೋಳೊಳಗೂ ಕೈ ತೂರುತ್ತೆ."

"ಇಲ್ಲ ಭಾವ. ನನಗೆ ಸಮಾಧಾನ ಇಲ್ಲ."

"ಬೇಕೇ ಬೇಕಾ?"

"ಬೇಕು ಭಾವ."

ಅವರು ಎದ್ದು ನಿಂತು, ನಿಧಾನವಾಗಿ ಸ್ವೆಟರ್ ತೆಗೆದು, ತಾವೇ ಮಡಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಮುಖ ಬಿಳಿಚಿಕೊಂಡಿತ್ತು. ಚಳಿಗೆ ಎಂದುಕೊಂಡೆ. ಅವರು ಕೊಡುವಾಗ ಬೆರಳು ಸ್ವಲ್ಪ ಹೊತ್ತು ಬಿಡದೆ ಹಿಡಿದದ್ದನ್ನೂ ಗಮನಿಸಿದೆ. ಗಮನಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಅರ್ಥವಾಗುವುದು ಮಾತ್ರ ಬೇರೆ ಇಲಾಖೆ.

ಮನೆಗೆ ಬಂದವನೇ ಬಿಚ್ಚಲು ಕೂತೆ. ಆ ಉಲ್ಲನ್ನಿನಲ್ಲೇ ಬೇರೆ ಮಾದರಿ, ಯಾವ ಸಿನಿಮಾದಲ್ಲೂ ಇಲ್ಲದ್ದು, ಅಪಾಯವಿಲ್ಲದ ಬರೀ ಸೀದಾ ಹೆಣಿಗೆ ಹಾಕುವುದು ನನ್ನ ಯೋಜನೆ. ಎಡತೋಳನ್ನು ಭುಜದಿಂದ ಬಿಡಿಸಿ ಎಳೆದೆ. ಸಾಲು ಸಾಲಾಗಿ ಬಿಚ್ಚಿಕೊಂಡ ಉಲ್ಲನ್ ನೆಲದ ಮೇಲೆ ಶ್ಯಾವಿಗೆಯ ಹಾಗೆ ಸುರುಳಿ ಬಿತ್ತು. ಇಡೀ ತೋಳು ಮುಗಿದು ಬಲತೋಳಿಗೆ ಕೈ ಹಾಕಿದಾಗ ಗಿರಿಜ ಒಳಗೆ ಬಂದಳು. ಅವಳಿಗೆ ಎಲ್ಲ ಹೇಳಬೇಕಾಯಿತು.

"ಸಾಯ್ತಾರೆ ಅಂತ ಹೇಳಿದ್ಯಾರು?"

"ರೇಣುಕ."

"ಇನ್ನೊಬ್ರನ್ನ ಕೇಳಿದ್ರಾ?"

ನಾನು ಬಲತೋಳಿನ ಹೊಲಿಗೆ ಬಿಡಿಸತೊಡಗಿದೆ.

"ಕುಣಿಕೆ ಎಣ್ಸಿದ್ರಿ, ಸರಿ. ಸಿನಿಮಾ ನೋಡೋದಲ್ವಾ?" ಎಂದು ಅವಳು ನನ್ನ ಕೈಯಿಂದ ಬಲತೋಳು ಕಿತ್ತುಕೊಂಡು, ಅದರ ಮೇಲೆ ಕೂತು, ಟಿವಿ ಹಾಕಿದಳು.

ಆ ಭಾನುವಾರದ ಮಧ್ಯಾಹ್ನ, ಮೊದಲ ಬಾರಿಗೆ ಧ್ವನಿ ಸಮೇತ, ಮೊದಲಿನಿಂದ ಕೊನೆಯವರೆಗೆ ಆ ಸಿನಿಮಾ ನೋಡಿದೆ. ಮೇಷ್ಟ್ರು ಸಾಯುತ್ತಾರೆ. ರೇಣುಕಳ ವರದಿಯಲ್ಲಿ ತಪ್ಪಿರಲಿಲ್ಲ. ಆದರೆ ವರದಿ ಅಪೂರ್ಣವಾಗಿತ್ತು. ಸ್ವೆಟರ್ ಮೈಮೇಲಿರುವಷ್ಟು ಕಾಲ ಮೇಷ್ಟ್ರಿಗೆ ಏನೂ ಆಗುವುದಿಲ್ಲ. ಮಳೆ, ಗಾಳಿ, ಮಂಜು, ದುಷ್ಟ ಜಮೀನ್ದಾರ, ಯಾವುದೂ ಅವರನ್ನು ಅಲ್ಲಾಡಿಸುವುದಿಲ್ಲ. ಕೊನೆಯ ಭಾಗದಲ್ಲಿ ಅವರ ಹೆಂಡತಿಯ ತಮ್ಮ ಕೆಲಸ ಹುಡುಕಿಕೊಂಡು ದೂರದೂರಿಗೆ ಹೊರಡುತ್ತಾನೆ. ರೈಲು ನಿಲ್ದಾಣದಲ್ಲಿ ಅವನು ನಡುಗುವುದನ್ನು ನೋಡಿ ಮೇಷ್ಟ್ರು ಸ್ವೆಟರ್ ಬಿಚ್ಚಿ, ಮಡಚಿ, ಎರಡೂ ಕೈಯಲ್ಲಿ ಕೊಡುತ್ತಾರೆ. ರೈಲು ಹೋಗುತ್ತದೆ. ಮೇಷ್ಟ್ರು ಬರಿಯ ಅಂಗಿಯಲ್ಲಿ ಮಂಜಿನೊಳಗೆ ಮನೆಗೆ ನಡೆಯುತ್ತಾರೆ. ಮುಂದಿನ ದೃಶ್ಯದಲ್ಲಿ ಹಾಸಿಗೆ, ಅದರ ಮುಂದಿನದರಲ್ಲಿ ಹೂವಿನ ಹಾರ.

ಗಿರಿಜ ಟಿವಿ ಆರಿಸಿದಳು.

"ಹೆಂಡ್ತಿ ತಮ್ಮ" ಅಂದಳು ಅವಳು.

"ಗೊತ್ತಾಯ್ತು."

"ತಮ್ಮನೇ ಬಂದು ಇಸ್ಕೊಂಡೋದ."

"ಗೊತ್ತಾಯ್ತು ಅಂದ್ನಲ್ಲ."

"ನಾನು ನಂಬಲ್ಲಪ್ಪ ಇದನ್ನೆಲ್ಲ" ಎಂದು ಅವಳು ಎದ್ದು, ಕೂತಿದ್ದ ಜಾಗದಿಂದ ಸ್ವೆಟರ್ ತೆಗೆದು ನನ್ನ ಮಡಿಲಿಗಿಟ್ಟು, ಕಡ್ಡಿಗಳನ್ನೂ ತಂದಿಟ್ಟಳು. "ಆದ್ರೂ ಬೇಗ ಹೆಣೀರಿ."

ಸ್ಟೆಂಟು ಗುರುವಾರ. ಮೂರು ದಿನದಲ್ಲಿ ಒಂದು ಇಡೀ ತೋಳು. ಬಿಚ್ಚಿದ ಉಲ್ಲನ್ನನ್ನು ತೊಳೆದು, ಭಾರ ಕಟ್ಟಿ ಒಣಗಿಸಿದರೆ ಅದರ ಸುರುಳಿ ಹೋಗುತ್ತದೆ. ಅದಕ್ಕೆ ಪುರುಸೊತ್ತಿರಲಿಲ್ಲ. ಸುರುಳಿ ಎಳೆಯಲ್ಲೇ ಹೆಣೆದೆ. ಬೆಳಿಗ್ಗೆ ಹೆಣೆದೆ, ಊಟ ಮಾಡುತ್ತಾ ಹೆಣೆದೆ, ಕಚೇರಿಗೆ ಒಯ್ದು ಪುಟಗಳ ನಡುವೆ ಹೆಣೆದೆ. ರೇಣುಕ ಎರಡು ಸಲ ನೋಡಿ, "ಸಾರ್, ಕಡ್ಡೀನ ಅಷ್ಟು ಬಿಗಿಯಾಗಿ ಹಿಡ್ಕೋಬೇಡಿ, ಮುರ್ದೋಗುತ್ತೆ" ಎಂದಳು. ಹೆಣಿಗೆ ಬಲ್ಲವರಿಗೆ ಒಂದು ವಿಷಯ ಗೊತ್ತಿರುತ್ತದೆ: ಕೈ ಸಡಿಲವಿದ್ದರೆ ಕುಣಿಕೆ ಸಡಿಲ, ಕೈ ಬಿಗಿದರೆ ಕುಣಿಕೆ ಬಿಗಿ. ಲೆಕ್ಕ ಅದೇ ಇದ್ದರೂ ಅಳತೆ ಅದೇ ಇರುವುದಿಲ್ಲ. ನನಗೂ ಗೊತ್ತಿತ್ತು. ಆ ಮೂರು ದಿನ ಕೈ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ನಡುವೆ ಅಕ್ಕ ಫೋನು ಮಾಡಿ, "ನೀನು ಬಂದೋದಾಗಿಂದ ನಿಮ್ಮ ಭಾವ ಸರಿಯಾಗಿ ಉಣ್ತಿಲ್ಲ ಕಣೋ, ಕೇಳಿದ್ರೆ ಏನಿಲ್ಲ ಅಂತಾರೆ" ಎಂದಳು. ಆಮೇಲೆ ನಾನು ಇನ್ನೂ ಬಿಗಿಯಾಗಿ ಹೆಣೆದೆ.

ಬುಧವಾರ ಮಧ್ಯಾಹ್ನ ತೋಳು ಜೋಡಿಸಿ ಕುಣಿಗಲ್ಲಿಗೆ ಓಡಿದೆ. ಭಾವ ಬಾಗಿಲಲ್ಲೇ ನಿಂತಿದ್ದರು. ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ. ಚೀಲಕ್ಕೇ ಕೈ ಹಾಕಿ, ಸ್ವೆಟರ್ ತೆಗೆದು, ತಲೆಯ ಮೇಲಿಂದ ಎಳೆದು ಹಾಕಿಕೊಂಡ ಮೇಲೆ ಉಸಿರು ಬಿಟ್ಟರು. ಅಕ್ಕ ಕಾಫಿಗೆ ಒಳಗೆ ಹೋದಳು.

"ಆ ಸಿನಿಮಾ ನಾನು ಟೆಂಟ್‌ನಲ್ಲಿ ನಾಲ್ಕು ಸಲ ನೋಡಿದೀನಿ ಕಣಯ್ಯ" ಎಂದರು ಭಾವ, ದನಿ ತಗ್ಗಿಸಿ. "ನೀನು ಮೊದಲನೇ ದಿನ ತಂದುಕೊಟ್ಟಾಗ್ಲೇ ಗುರುತು ಸಿಕ್ತು. ಸಂತೋಷ ಆಯ್ತು. ಇದು ಮೈಮೇಲೆ ಇರೋವರೆಗೂ ಮೇಷ್ಟ್ರಿಗೆ ಏನೂ ಆಗಲ್ಲ."

"ಹಾಗಿದ್ರೆ ನಾನು ಕೇಳಿದಾಗ ಯಾಕೆ ಕೊಟ್ರಿ ಭಾವ?"

"ಏನಂತ ಹೇಳ್ಲಿ? ಸಿನಿಮಾ ನೋಡಿ ಹೆದ್ರಿದೀನಿ ಅನ್ಲಾ? ನೀನು ಪೇಪರ್‌ನೋನು, ನಗ್ತೀಯ." ಅವರು ಅಂಗೈಯಿಂದ ಎದೆಯ ಜಡೆ ಸಾಲನ್ನು ಸವರಿದರು. "ಹೆಂಡ್ತಿ ತಮ್ಮ ಬಂದು ಬೇಕು ಅಂದ. ಕೊಟ್ಟೆ. ಆಮೇಲೆ ನಾಲ್ಕು ದಿನ ಹಾಸಿಗೆ ಕಡೆ ನೋಡೋಕೇ ಧೈರ್ಯ ಬರ್ಲಿಲ್ಲ."

ನಾನು ನಗಲಿಲ್ಲ. ನನ್ನ ಕಡೆಯ ಕಥೆಯನ್ನು ಹೇಳಬೇಕಿತ್ತು. ಹೇಳಲಿಲ್ಲ. ಎಡತೋಳಿನ ತಪ್ಪು ಸರಿಹೋಯಿತೇ ಎಂದು ಅವರು ಕೇಳಿದಾಗ, ಹೋಯಿತು ಎಂದೆ. ಅಷ್ಟರಲ್ಲಿ ಕಾಫಿ ಬಂತು.

ಗುರುವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು, ಸ್ಟೆಂಟ್ ಹಾಕುವ ಎರಡು ಬಾಗಿಲಿನ ಕೋಣೆಯ ಮುಂದೆ ಬರುವವರೆಗೆ. ಅಲ್ಲಿ ಒಬ್ಬ ನರ್ಸಮ್ಮ ಹಸಿರು ಗೌನು ಹಿಡಿದು ಬಂದು, "ತಾತ, ಬಟ್ಟೆ ಎಲ್ಲ ತೆಗೀಬೇಕು. ಸ್ವೆಟರ್ ಕೂಡ. ಜೊತೆಗೆ ಬಂದೋರ ಕೈಲಿ ಕೊಡಿ" ಎಂದರು. ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟೆಲ್ಲ ಲೆಕ್ಕ ಹಾಕಿದ ನಮಗೆ ಇದು ಹೊಳೆದಿರಲಿಲ್ಲ.

"ಹಾಕ್ಕೊಂಡೇ ಇದ್ರೆ ಆಗಲ್ವಾ ಸಿಸ್ಟರ್?" ಎಂದು ನಾನು ಕೇಳಿದೆ.

"ಒಳಗೆ ಉಲ್ಲನ್ ಬಿಡಲ್ಲ ಸಾರ್."

ಭಾವ ಸ್ವೆಟರ್ ತೆಗೆದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, "ಅಕ್ಕನ ಕೈಗೆ ಕೊಡಿ ಭಾವ" ಎಂದೆ. ಅಕ್ಕನ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಫ್ಲಾಸ್ಕು, ಕಂಕುಳಲ್ಲಿ ಭಾವನ ಚಪ್ಪಲಿಯ ಕವರು. "ನಂಗೆಷ್ಟು ಕೈ ಐತೋ? ಹಿಡ್ಕೊಳ್ಳೋಕೇನು ನಿಂಗೆ ದಾಡಿ?" ಎಂದಳು. ಭಾವ ಸ್ವೆಟರನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ಬರಿಯ ಗೌನಿನಲ್ಲಿ, ಹೆಜ್ಜೆ ಎಣಿಸುವವರ ಹಾಗೆ ಒಳಗೆ ನಡೆದರು. ಬಾಗಿಲು ಮುಚ್ಚಿತು.

ಆಮೇಲಿನ ಒಂದೂವರೆ ಗಂಟೆಯನ್ನು ನಾನು ಸರಿಯಾಗಿ ವರದಿ ಮಾಡಲಾರೆ. ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ. ಯಾರದೋ ಹೆಸರು ಕೂಗಿದ್ದು, ಅದು ನಮ್ಮದಲ್ಲದ್ದು ನೆನಪಿದೆ. 'ಕುಣಿಗಲ್:' ಎಂಬ ನಾಲ್ಕು ಸಾಲು ಮತ್ತೆ ಬರದಂತೆ ಸೀದಾ ಎರಡು, ಉಲ್ಟಾ ಎರಡು ಎಂದು ಮನಸ್ಸಿನಲ್ಲೇ ಎಣಿಸಿದ್ದು ನೆನಪಿದೆ. ಕೊನೆಗೆ ಬಾಗಿಲು ತೆರೆದು ಗಾಲಿಮಂಚದ ಮೇಲೆ ಭಾವ ಹೊರಗೆ ಬಂದರು. ಎಲ್ಲ ಚೆನ್ನಾಗಾಯಿತು ಎಂದರು ಡಾಕ್ಟರು. ಅಕ್ಕ ಫ್ಲಾಸ್ಕು ಕೆಳಗಿಟ್ಟು ಅತ್ತಳು. ಭಾವ ಕಣ್ಣು ಬಿಟ್ಟು ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು ನೋಡಿದರು.

"ಚಂದ್ರು" ಎಂದರು, ಒಣಗಿದ ಗಂಟಲಲ್ಲಿ. "ತಪ್ಪು ತಿದ್ತೀನಿ ಅಂತ ತಗೊಂಡೋಗಿ ಎಡತೋಳು ಗಿಡ್ಡ ಮಾಡಿದೀಯಲ್ಲಯ್ಯ."

ನಾನು ಬಗ್ಗಿ ನೋಡಿಕೊಂಡೆ. ಅವರ ಮಾತು ನಿಜ. ಬಲತೋಳು ಮಣಿಕಟ್ಟಿನವರೆಗೆ ಬಂದಿತ್ತು, ಎಡತೋಳು ಅದಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು. ಅವೆರಡೂ ನನ್ನ ಕೈಗಳ ಮೇಲಿದ್ದವು.

ಸ್ವೆಟರನ್ನು ನಾನು ಯಾವಾಗ ಹಾಕಿಕೊಂಡೆ ಎಂಬುದು ನನಗೆ ತಿಳಿಯದು. ಕಾಯುವ ಕೋಣೆಯಲ್ಲಿ ಎಸಿ ಜೋರಾಗಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಭಾವನ ಬೆನ್ನಿಗೆ ಬಾಗಿಲು ಮುಚ್ಚಿದ ಮರುಕ್ಷಣವೇ ನೀನು ಅದನ್ನು ಹಾಕಿಕೊಂಡೆ ಎನ್ನುತ್ತಾಳೆ ಅಕ್ಕ. ನಮ್ಮವರೆಂದು ಅಲ್ಲಿ ಇದ್ದವಳು ಅವಳೊಬ್ಬಳೇ. ಎರಡನೆಯ ಮೂಲವನ್ನು ನಾನು ಹುಡುಕಲು ಹೋಗಿಲ್ಲ.